ಸುಕ್ಕಿಲ್ಲದ ಫೋಟೋ

ನಮ್ಮ ಸಿದ್ದಾಪುರದಲ್ಲಿ ರೀಲಿನ ಫೋಟೋವನ್ನು ಹೆಂಗಸರೆಲ್ಲ ಸೇರಿ ಉಳಿಸಿಕೊಂಡರು ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಫೋಟೋ ತೆಗೆಯುವ ಈರಣ್ಣನ ಕಣ್ಣಿಗೆ ಪೊರೆ ಬಂದಿತ್ತು, ನಮ್ಮ ಮುಖಕ್ಕೆ ಸುಕ್ಕು ಬಂದಿತ್ತು. ಆದದ್ದು ಇಷ್ಟೇ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕಲೆ, ಪರಂಪರೆ ಎಂಬ ದೊಡ್ಡ ಮಾತುಗಳು ನನ್ನ ಬಾಯಲ್ಲಿ ಬಂದದ್ದು ವಂತಿಗೆ ಕೇಳಲು ಮನೆಮನೆ ತಿರುಗಿದ ಹದಿನೈದು ದಿನ ಮಾತ್ರ. ಆಮೇಲೆ ಬಂದದ್ದು ಬರೀ ಹೆದರಿಕೆ. ನಡೆದದ್ದನ್ನೆಲ್ಲ ನಮ್ಮ ಮಹಿಳಾ ಮಂಡಳಕ್ಕೆ ಹೇಳಿಬಿಟ್ಟಿದ್ದೇನೆ, ಒಂದನ್ನು ಬಿಟ್ಟು. ಆ ಒಂದನ್ನು ನಿಮಗೆ ಕೊನೆಯಲ್ಲಿ ಹೇಳುತ್ತೇನೆ, ನೀವು ಮಂಡಳದವರಲ್ಲವಲ್ಲ.

ಇದಕ್ಕೆಲ್ಲ ಮೂಲ ನಮ್ಮ ಯಜಮಾನರ ಫೋಟೋ. ಅವರು ತೀರಿಕೊಂಡಾಗ ಐವತ್ತು ದಾಟಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೊದಲು ಪೇಟೆಯ ಸ್ಟುಡಿಯೋದ ಈರಣ್ಣ ಅವರ ಫೋಟೋ ತೆಗೆದು, ಟಚಿಂಗ್ ಮಾಡಿದ್ದ. ನೆಗೆಟಿವ್ ಮೇಲೆ ಸೂಜಿಮೊನೆಯ ಪೆನ್ಸಿಲ್ ಆಡಿಸಿ ಕಲೆ, ಗೆರೆಗಳನ್ನು ಅಳಿಸುವ ಕೆಲಸ ಅದು. ಅವನ ಪೆನ್ಸಿಲ್ ಸಿಡುಬಿನ ಕಲೆಯ ಜೊತೆಗೆ ಯಜಮಾನರ ಸಿಟ್ಟನ್ನೂ ಅಳಿಸಿಹಾಕಿತ್ತು. ಅಷ್ಟು ಶಾಂತವಾದ ಮುಖವನ್ನು ನಾನು ಸಂಸಾರದಲ್ಲಿ ಒಂದು ದಿನವೂ ಕಂಡವಳಲ್ಲ. ಇಪ್ಪತ್ತೈದು ವರ್ಷದಿಂದ ಅವರು ಗೋಡೆಯ ಮೇಲೆ ಹಾಗೇ ಇದ್ದಾರೆ. ಪಕ್ಕದ ಖಾಲಿ ಮೊಳೆ, ನಾನು ಹೋದ ಮೇಲೆ, ನನ್ನದು. ಹೀಗಿರುವಾಗ ಮೊಮ್ಮಗಳ ಗಂಡ ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾ ತಂದು, ನನ್ನನ್ನು ಜಗಲಿಯ ಮೇಲೆ ಕೂರಿಸಿ ಫೋಟೋ ತೆಗೆದು, ಕ್ಯಾಮೆರಾದ ಬೆನ್ನಲ್ಲೇ ತೋರಿಸಿದ. ಗದ್ದದ ಮೇಲಿನ ಎರಡು ಕೂದಲೂ ತಪ್ಪಿಸಿಕೊಂಡಿರಲಿಲ್ಲ. "ಎಷ್ಟು ಕ್ಲಿಯರ್ ಇದ್ದು ನೋಡಿ ಅಮ್ಮಮ್ಮ" ಎಂದ ಪುಣ್ಯಾತ್ಮ. ಅದನ್ನು ಯಜಮಾನರ ಪಕ್ಕ ತೂಗಿದರೆ ಬಂದವರು ನನ್ನನ್ನು ಅವರ ತಾಯಿ ಎನ್ನಬೇಕು. ಸತ್ತ ಮೇಲೆ ನನಗೇನು ಗೊತ್ತಾಗುತ್ತದೆ ಎಂದರೆ ಸರಿಯೇ. ಆದರೆ ಈಗಲೇ ಗೊತ್ತಾಗಿಹೋಯಿತಲ್ಲ!

ಅದೇ ತಿಂಗಳು ಬ್ಯಾಂಕಿನ ಪಾಸ್‌ಬುಕ್ಕಿಗೆಂದು ಈರಣ್ಣನ ಹತ್ತಿರ ಸಣ್ಣ ಫೋಟೋ ತೆಗೆಸಿದೆ. ನೋಡುತ್ತೇನೆ, ಮುಖದಲ್ಲಿ ಒಂದು ಗೆರೆ ಇಲ್ಲ. ಹಾಲಿನ ಕೆನೆಯ ಹಾಗೆ ಇದ್ದೇನೆ. ಮಂಡಳದ ಶನಿವಾರದ ಭಜನೆಗೆ ಅದನ್ನು ಒಯ್ದು, ಮಂಗಳಾರತಿ ಮುಗಿಯುವುದನ್ನೂ ಕಾಯದೆ ಎಲ್ಲರಿಗೂ ತೋರಿಸಿದೆ. "ಇದು ರೀಲಿನ ಗುಣ" ಎಂದೆ. ಪಕ್ಕದ ಮನೆಯ ಗಂಗಕ್ಕ ಮಾತ್ರ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, "ಸುಕ್ಕು ಇಲ್ಲೆ, ಖರೆ. ಕಿವಿಯ ಬೆಂಡೋಲೆ ಎಲ್ಲಿ ಹೋತೆ ಮಾರಾಯ್ತಿ?" ಎಂದಳು. ನಿನಗೆ ಹೊಟ್ಟೆಕಿಚ್ಚು ಎಂದುಬಿಟ್ಟೆ. ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ಚಂದ ಕಂಡವರಿಗೆ ಸಂಶಯ ಬರುವುದಿಲ್ಲ.

ಅಷ್ಟರಲ್ಲಿ ಈರಣ್ಣ ಸ್ಟುಡಿಯೋ ಮುಚ್ಚುವ ಸುದ್ದಿ ಬಂತು. ಅವನು ಬನವಾಸಿ ಕಡೆಯವನು. "ಹುಬ್ಬಳ್ಳಿ ಅಂಗಡಿಯವರು ಒಂದೆರಡು ರೀಲು ತರ್ಸಿಕೊಡಾಂಗಿಲ್ಲ ಅಂತಾರ್ರೀ ಅಮ್ಮಾರ. ಫಿಲ್ಮು, ಪೇಪರು ಎಲ್ಲಾ ಪೆಟ್ಟಿಗಿಗಟ್ಟಲೆ ತಗೋಬೇಕಂತ, ರೊಕ್ಕ ಮೊದ್ಲ ಕೊಡಬೇಕಂತ. ನಾ ಎಲ್ಲಿಂದ ತರ್ಲಿ?" ಎಂದ. ನನಗೆ ಚಿಂತೆ ಹತ್ತಿತು. ಅವನಿಗಾಗಿ ಅಲ್ಲ, ಆ ಮೊಳೆಗಾಗಿ. ಮಂಡಳದಲ್ಲಿ ಎದ್ದು ನಿಂತು, ಮನೆಗೊಂದು ಫೋಟೋದ ಹಣವನ್ನು ಮುಂಗಡ ಕೊಟ್ಟರೆ ಒಂದು ಪೆಟ್ಟಿಗೆ ಬರುತ್ತದೆ, ಊರಿನ ಕಲೆ ಉಳಿಯುತ್ತದೆ ಎಂದು ಭಾಷಣ ಮಾಡಿದೆ. ಕೈಯಲ್ಲಿ ಪಾಸ್‌ಬುಕ್ಕಿನ ಫೋಟೋ ಹಿಡಿದಿದ್ದೆ. ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಹದಿನೈದು ದಿನದಲ್ಲಿ ಎಲ್ಲರೂ ಕೊಟ್ಟರು. ಗಂಗಕ್ಕನೂ, "ಎಂಗೂ ಒಂದು ಇರ್ಲಿ, ಬೆಂಡೋಲೆ ಕಾಣದಿದ್ರೂ ಅಡ್ಡಿಲ್ಲೆ" ಎಂದು ಕೊಟ್ಟಳು.

ಹಣವನ್ನು ಸೆರಗಿಗೆ ಕಟ್ಟಿಕೊಂಡು ಸ್ಟುಡಿಯೋಕ್ಕೆ ಹೋದೆ. ಈರಣ್ಣನ ಕಣ್ಣಲ್ಲಿ ನೀರು ಬಂತು. ಕೊನೆಯ ರೀಲಿನಲ್ಲಿ ಮೂರು ಫೋಟೋ ಉಳಿದಿವೆ, ಗೋಡೆಗೆ ಹಾಕುವ ನಿಮ್ಮ ದೊಡ್ಡ ಫೋಟೋ ಇವತ್ತೇ ತೆಗೆಯುತ್ತೇನೆ ಎಂದ. ನಾನು ಕೊಡೆಯನ್ನೂ ಶಾಲನ್ನೂ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಕೂದಲು ಸರಿಮಾಡಿಕೊಳ್ಳಲು ಮೂಲೆಯ ಕನ್ನಡಿಯ ಹತ್ತಿರ ಹೋದೆ. ಹಿಂದಿನಿಂದ ಈರಣ್ಣನ ದನಿ ಕೇಳಿತು. "ಗದ್ದ ಒಂಚೂರು ಮ್ಯಾಲೆತ್ರಿ ಅಮ್ಮಾರ." ನಾನು ಕನ್ನಡಿಯ ಮುಂದೆಯೇ ಗದ್ದ ಎತ್ತಿದೆ. "ಹಾಂ, ಹಂಗಽ ಇರ್ರಿ. ಭಾಳ ಚಲೋ ಕುಂತೀರಿ." ಕುಂತೀರಿ? ತಿರುಗಿ ನೋಡಿದರೆ ಅವನು ಕ್ಯಾಮೆರಾದ ಮೇಲೆ ಬಗ್ಗಿಕೊಂಡು ಕುರ್ಚಿಗೆ ಹೇಳುತ್ತಿದ್ದಾನೆ. ನಾನು ಬಾಯಿ ತೆರೆಯುವ ಮೊದಲೇ ಟಕ್ ಎಂದಿತು. ಕೊಡೆಯ ಫೋಟೋ ಬಂತು.

"ಈರಣ್ಣ, ನಾನು ಇಲ್ಲಿದ್ದೇನಲ್ಲೋ ಮಾರಾಯ!"

ಅವನು ಸ್ಟೂಲಿನ ಮೇಲೆ ಕುಳಿತು ಇದ್ದದ್ದು ಹೇಳಿದ. ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಆಪರೇಶನ್ ಬೇಗ ಮಾಡಿಸದಿದ್ದರೆ ಕಷ್ಟ ಎಂದು ಶಿರಸಿಯ ಡಾಕ್ಟರು ಹೇಳಿಯಾಗಿದೆ. ಕಣ್ಣು ಕಾಣದ ಫೋಟೋದವನ ಹತ್ತಿರ ಯಾರು ಬರುತ್ತಾರೆ ಎಂದು ಹೆದರಿ ಮುಚ್ಚಿಟ್ಟಿದ್ದಾನೆ. ಹಾಗಾದರೆ ನನ್ನ ಫೋಟೋದ ಟಚಿಂಗ್ ಮಾಡಿದ್ದು ಯಾರು ಎಂದು ಕೇಳಿದೆ. "ಟಚಿಂಗ್ ಬಿಟ್ಟು ಎರಡು ವರ್ಷ ಆತ್ರಿ. ಪೆನ್ಸಿಲ್ ಮೊನೀನೇ ಕಾಣಂಗಿಲ್ಲ. ಕಣ್ಣು ಬಂದ್ರೂ ಆ ಸೂಜಿಮೊನಿ ಕೆಲಸ ಇನ್ನ ಬ್ಯಾಡ ಅಂದಾರ ಡಾಕ್ಟರು." ಅಂದರೆ ನನ್ನ ಸುಕ್ಕು ತೆಗೆದದ್ದು ರೀಲೂ ಅಲ್ಲ, ಪೆನ್ಸಿಲೂ ಅಲ್ಲ. ಮುಖ ಸರಿಯಾಗಿ ಕಾಣದೆ ಮಸುಕಾಗಿ ತೆಗೆದಿದ್ದ, ಅಷ್ಟೇ. ಬೆಂಡೋಲೆ ಹೋದದ್ದೂ ಅಲ್ಲಿಗೇ. "ಯಾರಿಗೂ ಹೇಳಬ್ಯಾಡ್ರಿ" ಎಂದು ಕೈಮುಗಿದ. ನಾನು ಹಣ ಕೊಡದೆ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದುಕೊಂಡು ಮನೆಗೆ ಬಂದೆ.

ಎರಡು ದಿನ ನನ್ನ ಕೈಯಡುಗೆಯನ್ನು ಯಾರಿಂದಲೂ ಉಣ್ಣಲಾಗಲಿಲ್ಲ. ಹುಳಿಗೆ ಎರಡು ಸಲ ಉಪ್ಪು, ತಂಬುಳಿಗೆ ಇಲ್ಲವೇ ಇಲ್ಲ. ಆಪರೇಶನ್ ಮಾಡಿಸಿದರೆ ಅವನಿಗೆ ಸುಕ್ಕು ಕಾಣುತ್ತದೆ, ಸುಕ್ಕಿಲ್ಲದ ಮುಖಕ್ಕೆಂದು ಮುಂಗಡ ಕೊಟ್ಟವರು ಹಣ ವಾಪಸ್ ಕೇಳುತ್ತಾರೆ, ಸ್ಟುಡಿಯೋ ಮುಚ್ಚುತ್ತದೆ. ಮಾಡಿಸದಿದ್ದರೆ ಅವನು ಕುರುಡನಾಗುತ್ತಾನೆ, ಆಗಲೂ ಮುಚ್ಚುತ್ತದೆ. ಊರೆಲ್ಲ ತಿರುಗಿ ರೀಲಿನ ಗುಣ ಹಾಡಿದವಳು ನಾನು. ಗಂಗಕ್ಕ ಬೇಲಿಯಾಚೆ ಕೆಮ್ಮಿದರೂ, ಇವಳಿಗೆ ಗೊತ್ತಾಯಿತೇ ಎಂದು ಜೀವ ಹಾರುತ್ತಿತ್ತು. ಕೊನೆಗೆ, ಅವಳ ಬಾಯಿಂದ ಊರಿಗೆ ತಿಳಿಯುವ ಬದಲು ನನ್ನ ಬಾಯಿಂದಲೇ ತಿಳಿಯಲಿ ಎಂದು ಶನಿವಾರ ಮಂಡಳದಲ್ಲಿ ಗಂಟು ಬಿಚ್ಚಿಟ್ಟು ಎಲ್ಲ ಹೇಳಿದೆ. ಈ ಹಣ ಮೊದಲು ಕಣ್ಣಿಗೆ ಹೋಗಲಿ, ಮಿಕ್ಕಿದ್ದು ರೀಲಿನ ಪೆಟ್ಟಿಗೆಗೆ, ಕಡಿಮೆ ಬಿದ್ದರೆ ಇನ್ನೊಮ್ಮೆ ಎತ್ತೋಣ ಎಂದೆ.

ಗಂಗಕ್ಕ ಕೇಳಿದಳು. "ಅಂದ್ರೆ ಆಪರೇಶನ್ ಆದ್ಮೇಲೆ ಎಂಗಳ ಮುಖ ಇದ್ದ ಹಾಂಗೇ ಬತ್ತು?"

"ಬತ್ತು."

"ಬೆಂಡೋಲೆನೂ?"

"ಅದೂ ಬತ್ತು."

"ಹಂಗಾರೆ ಅಡ್ಡಿಲ್ಲೆ. ಮಾಡಿಸಿ ನಲ್ವತ್ತು ವರ್ಷ ಆತು, ಒಂದ್ ಸಲನಾದ್ರೂ ಫೋಟೋದಲ್ಲಿ ಕಾಣ್ಲಿ."

ಹಣ ವಾಪಸ್ ಬೇಕಾದವರು ಕೈ ಎತ್ತಿ ಎಂದೆ. ಯಾರೂ ಎತ್ತಲಿಲ್ಲ. ನನಗೆ ಸುಕ್ಕು ಬೇಡ ಎಂದು ಹತ್ತು ಜನರ ಮುಂದೆ ಕೈ ಎತ್ತುವ ಧೈರ್ಯ ಯಾರಿಗಿದೆ? ನಾನಂತೂ, "ಮುಖ ಇದ್ದ ಹಾಂಗೆ ಇದ್ರೇ ಚಂದ, ಸುಳ್ಳು ಎಂತಕ್ಕೆ?" ಎಂದು ದೊಡ್ಡದಾಗಿ ಹೇಳಿ, ಈರಣ್ಣನನ್ನು ಶಿರಸಿಗೆ ಕರೆದೊಯ್ಯುವ ಜವಾಬ್ದಾರಿಯನ್ನೂ ಹೊತ್ತುಕೊಂಡೆ. ಎಲ್ಲರೂ ತಲೆದೂಗಿದರು.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟು, ಶಿರಸಿಯ ಬಸ್ಸಿಗೆ ಒಂದು ತಾಸು ಮೊದಲೇ ಹೋಗಿ ಈರಣ್ಣನ ಬಾಗಿಲು ಬಡಿದೆ. ಆ ರೀಲಿನಲ್ಲಿ ಇನ್ನೂ ಎರಡು ಉಳಿದಿವೆಯಲ್ಲ, ಒಂದು ತೆಗೆ ಎಂದೆ.

"ಈಗ್ಯಾಕ್ರೀ ಅಮ್ಮಾರ? ಕಣ್ಣು ಬಂದ ಮ್ಯಾಲೆ ಚಂದಾಗಿ ತೆಗಿತೀನಲ್ರಿ."

"ಅದಕ್ಕೇ ಈಗ ತೆಗೆ" ಎಂದೆ. ಕೊಡೆಯನ್ನು ಬಾಗಿಲ ಹೊರಗೇ ಇಟ್ಟು ಬಂದು ಕುರ್ಚಿಯಲ್ಲಿ ಕುಳಿತೆ.