ಬೇಡವೆಂದು ಕಳೆದುಕೊಂಡ ಕಾಲುದಾರಿ

ನನ್ನ ಒಂದು ಜಾಣತನಕ್ಕೆ ನಾನು ತೆತ್ತ ಬೆಲೆ ಇಷ್ಟು: ಎಂಟು ತಿಂಗಳ ಕಾಲ ಸಂತೆಗೊಮ್ಮೆ ಎಂಟು ಮೈಲಿ ಹೆಚ್ಚಿನ ನಡಿಗೆ, ಎರಡು ಜೊತೆ ಚಪ್ಪಲಿ, ಮತ್ತು ಮುನಿಯಮ್ಮಜ್ಜಿಯ ಸೊಪ್ಪಿನ ಬುಟ್ಟಿ ಸಾಗಿಸುವ ಖಾಯಂ ಕೆಲಸ. ಜಾಣತನ ಯಾವುದೆಂದರೆ, ಬೇಕಾದದ್ದನ್ನು ಬೇಕೆಂದು ಬಾಯಿಬಿಟ್ಟು ಹೇಳಬಾರದು ಎನ್ನುವುದು.

ತಲೆಯ ಮೇಲೆ ಹುಣಸೆಹಣ್ಣು ಹೊತ್ತು ವ್ಯಾಪಾರ ಶುರುಮಾಡಿದ ನಾನು ಸೈಕಲ್ಲಿಗೆ ಏರಿದ್ದೇ ಈ ಸೂತ್ರದಿಂದ. ಮಾಲು ಹಿಡಿಸಿತೋ, ಆಕಾಶ ನೋಡಬೇಕು. ‘ಇದ್ರೆ ಇರ್ಲಿ, ಇಲ್ದಿದ್ರೆ ಬಿಡ್ಲಿ’ ಎಂದು ಹತ್ತು ಹೆಜ್ಜೆ ನಡೆಯಬೇಕು. ಹನ್ನೊಂದನೆಯದಕ್ಕೆ ಮಾರುವವನೇ ಕೂಗುತ್ತಾನೆ. ಹೆಣ್ಣು ನೋಡಲು ಹೋದಾಗಲೂ ನಾನು ಸೂರಿನ ತೊಲೆ ಎಣಿಸುತ್ತ ಕೂತಿದ್ದೆ. ಹುಡುಗಿಯ ತಂದೆ ಮರುದಿನವೇ ಬೇರೆ ಕಡೆ ಮಾತು ಕೊಡಲು ಹೊರಟರು. ನನ್ನ ತಾಯಿ ಬಸ್ಸಿನ ಬಾಗಿಲಲ್ಲಿ ಅವರನ್ನು ಹಿಡಿದು ಇಳಿಸಿದ್ದರಿಂದ ನನಗೊಂದು ಸಂಸಾರವಿದೆ. ಪಾಠ ಅಲ್ಲೇ ಇತ್ತು. ನಾನು ಅದನ್ನು ತಾಯಿಯ ಅವಸರ ಎಂದುಕೊಂಡೆ.

ನಮ್ಮೂರು ತಮಿಳುನಾಡಿಗೆ ಸೇರಿದ ಅಂಚೆಟ್ಟಿ ಕಡೆಯ ಕಾಡಿನಂಚಿನದು. ಕಾಡಿನ ಕಾಲುದಾರಿಯಲ್ಲಿ ಎರಡು ಮೈಲಿ ನಡೆದರೆ ಡೆಂಕಣಿಕೋಟೆ ಸಂತೆಗೆ ಬಸ್ಸು ಸಿಗುತ್ತದೆ. ಸುತ್ತಿಕೊಂಡು ಹೋದರೆ ಆರು. ಆಗಿನ್ನೂ ಹೊಸೂರಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲಿಂದ ರಜೆಗೆ ಬಂದು ಆನೆ ನೋಡಬೇಕೆನ್ನುವವರು ಹೆಚ್ಚಿದ್ದರು. ಕಾಲುದಾರಿಯನ್ನು ಅವರ ವಿಹಾರಕ್ಕೆ ಕೊಡುವುದೋ ನಮಗೇ ಬಿಡುವುದೋ ಎಂದು ಊರವರನ್ನು ಕೇಳಲು ಅರಣ್ಯದ ಅಧಿಕಾರಿಯೊಬ್ಬರು ಬರುತ್ತಾರೆಂದು ತಿಳಿಯಿತು. ಸರ್ಕಾರ ತಾನಾಗಿ ಕೇಳುತ್ತಿದೆ ಎಂದರೆ ಅದು ವ್ಯಾಪಾರವೇ ಎಂದು ತೀರ್ಮಾನಿಸಿ, ಮನೆಮನೆಗೂ ಹೋಗಿ ಹೇಳಿಕೊಟ್ಟೆ: ಆಸೆ ತೋರಿಸಬೇಡಿ, ಅವರೇ ಇಳಿದು ಬಂದು ದಾರಿಯ ಜೊತೆಗೆ ಹಳ್ಳಕ್ಕೊಂದು ಮೋರಿಯನ್ನೂ ಕಟ್ಟಿಸಿಕೊಡುತ್ತಾರೆ.

ಅಧಿಕಾರಿ ತಾಳ್ಮೆಯ ಮನುಷ್ಯ. ತಮಿಳಿನಲ್ಲಿ ಕೇಳಿದರು, ಬರದ ಕನ್ನಡದಲ್ಲೂ ಕೇಳಿದರು. ಊರಿಗೆ ಊರೇ ಆಕಾಶ ನೋಡಿ, ಇದ್ದರೆ ಇರಲಿ, ಇಲ್ಲದಿದ್ದರೆ ಬಿಡಲಿ ಎಂದಿತು. ಮುನಿಯಮ್ಮಜ್ಜಿ ಮಾತ್ರ, “ಅಲ್ಲಾ ಸಾಮಿ, ನಾನು ಸಂತೆಗೆ…” ಎಂದು ಬಾಯಿ ತೆರೆದಳು. ನಾನು ಜೋರಾಗಿ ಕೆಮ್ಮಿದೆ. ಅಧಿಕಾರಿ ಕನಿಕರಪಟ್ಟು ನನಗೆ ನೀರು ಕೊಟ್ಟು, ಎಲ್ಲ ಬರೆದುಕೊಂಡು, ಜೀಪಿನತ್ತ ನಡೆದರು. ನಾನು ಹೆಜ್ಜೆ ಎಣಿಸಿದೆ. ಹತ್ತಾಯಿತು, ಇಪ್ಪತ್ತಾಯಿತು. ಜೀಪು ಹೊರಟ ಮೇಲೂ, ತಿರುವಿನಲ್ಲಿ ನಿಲ್ಲುತ್ತದೆ ನೋಡಿ ಎಂದೇ ಎಲ್ಲರಿಗೂ ಹೇಳಿದೆ.

ತಿಂಗಳೊಳಗೆ ಗೇಟು ಬಂತು. ಊರವರಿಗೆ ಬೇಡದ ದಾರಿಯಾದ್ದರಿಂದ ವಿಹಾರಕ್ಕೆ ಬಂದವರಿಗೆ ಮಾತ್ರ, ಅದೂ ಚೀಟಿ ಇದ್ದರೆ. ಚೀಟಿ ಕೊಡುವುದು ಡೆಂಕಣಿಕೋಟೆಯಲ್ಲಿ. ಬೇಗ ಡೆಂಕಣಿಕೋಟೆಗೆ ಹೋಗಬೇಕಾದರೆ ಚೀಟಿ ಬೇಕು. ಗೇಟಿನವನು, ಆನೆ ನೋಡಲು ಬಂದೆಯಾ ಎಂದು ಅಜ್ಜಿಯನ್ನು ಕೇಳಿದ.

“ಆನೆನ ನಮ್ಮ ರಾಗಿ ಹೊಲ್ದಾಗೇ ನೋಡ್ತೀನಿ ಕಣ್ಲಾ. ನಾನು ನೋಡ್ಬೇಕಾಗಿರೋದು ಸಂತೆ.”

ಸಂತೆ ವಿಹಾರದ ಪಟ್ಟಿಯಲ್ಲಿರಲಿಲ್ಲ. ಆರು ಮೈಲಿ ಬುಟ್ಟಿ ಹೊರಲಾರದೆ ಅಜ್ಜಿ ಎರಡು ಸಂತೆ ತಪ್ಪಿಸಿದಳು. ಅವಳ ಒಲೆ ಉರಿಯುವುದು ಆ ಸೊಪ್ಪಿನಿಂದ. ಮೂರನೆಯ ಸಂತೆಗೆ, ಊರು ನೋಡುತ್ತಿದ್ದಂತೆ, ಆ ಬುಟ್ಟಿಯನ್ನು ನನ್ನ ಹುಣಸೆಮೂಟೆಯ ಮೇಲೆ ಕಟ್ಟಿಕೊಂಡು ಸೈಕಲ್ ತಳ್ಳಿದೆ.

ನಾಲ್ಕು ಅರ್ಜಿ ಬರೆದ ಮೇಲೆ ಅಧಿಕಾರಿ ಮತ್ತೆ ಬಂದರು. ಈ ಸಲ ಊರವರು ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಅಜ್ಜಿಯನ್ನು ಮುಂದೆ ಬಿಟ್ಟರು. ಅಧಿಕಾರಿ ದಾರಿ ಬೇಕಾ ಎಂದರು. “ಬೇಕು ಸಾಮಿ” ಎಂದಳು. ಅಷ್ಟೇ. ಸಂತೆಯ ದಿನ ಗೇಟು ತೆರೆಯಿತು.

ಇನ್ನು ಎರಡೇ ಮೈಲಿಯಲ್ಲವೇ? ಬುಟ್ಟಿ ಸೈಕಲ್ ಮೇಲೆ ಬೇಕಾ ಅಜ್ಜಿ ಎಂದು ಕೇಳಿದೆ. ಅಜ್ಜಿ ಆಕಾಶ ನೋಡಿದಳು.

“ಇದ್ರೆ ಇರ್ಲಿ, ಇಲ್ದಿದ್ರೆ ಬಿಡ್ಲಿ ಕಣಪ್ಪ.”

ಹತ್ತು ಹೆಜ್ಜೆ ಹೋದೆ. ಹನ್ನೊಂದನೆಯದಕ್ಕೆ ತಿರುಗಿ ಬಂದು ಬುಟ್ಟಿ ಕಟ್ಟಿಕೊಂಡೆ.

ಆದ್ದರಿಂದ ನನ್ನ ಸಲಹೆ ಕೇಳಿ. ಸರ್ಕಾರದವರು ಪೆನ್ನು ತೆರೆದು ಬೇಕಾ ಎಂದರೆ, ಬೇಕು ಎನ್ನಿ. ಬರೆದದ್ದನ್ನು ಓದಿಸಿ ಕೇಳಿ. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಎಬ್ಬಿಸಿ ಹೊರಗೆ ಕಳಿಸಿ. ಆಕಾಶ ನೋಡುವ ವಿದ್ಯೆಯನ್ನು ಮಾತ್ರ ಮರೆಯಬೇಡಿ. ಸೈಕಲ್ ಇರುವ ವ್ಯಾಪಾರಿ ಎದುರಾದಾಗ ಉಪಯೋಗಕ್ಕೆ ಬರುತ್ತದೆ.