ಸೌದೆ ಗುದ್ರುನ್‌ದು, ಫೋಟೋ ಹಾಲ್ವರನದು

ಹಾಲ್ವರ್ ಮಾಡಿದ ತಪ್ಪು ಇಷ್ಟೇ: ಕೊಡಲಿ ಹಿಡಿದುಕೊಳ್ಳಿ ಅಂದಾಗ ಹಿಡಿದುಕೊಂಡ.

ನಾರ್ವೆಯ ನಮ್ಮ ಕಣಿವೆಯಲ್ಲಿ ಮನುಷ್ಯರನ್ನು ಅಳೆಯುವುದು ಅವರ ಮನೆಯ ಸೌದೆ ಒಟ್ಟಿಲು ನೋಡಿ. ಒಟ್ಟಿಲು ಓರೆಯಾಗಿದ್ದವನಿಗೆ ಯಾರೂ ಏಣಿಯನ್ನೂ ಎರವಲು ಕೊಡುವುದಿಲ್ಲ. ಈ ವರ್ಷ ಊರ ಪತ್ರಿಕೆಯ ಒಟ್ಟಿಲು ಸ್ಪರ್ಧೆಯಲ್ಲಿ ಗೆದ್ದದ್ದು ಹಾಲ್ವರನ ಅಂಗಳದ್ದು. ಅದನ್ನು ಒಟ್ಟಿದವಳು ಹೆಂಡತಿ ಗುದ್ರುನ್. ಮರ ಕಡಿದವಳೂ ಅವಳೇ, ಸೀಳಿದವಳೂ ಅವಳೇ. ಹಾಲ್ವರನೋ ಕೊಡಲಿ ಕಂಡರೆ ಮಾರು ದೂರ. ಅವನ ಪ್ರತಾಪ ಏನಿದ್ದರೂ ಅಜ್ಜಿಯ ಕಾಲದ ಕಬ್ಬಿಣದ ವಾಫಲ್ ಕಾವಲಿಯ ಮೇಲೆ. ಚೌಕುಳಿ ಅಚ್ಚಿನ ಸಿಹಿ ದೋಸೆಯಂಥ ಬಿಸಿ ವಾಫಲ್‌ಗೆ ಹುಳಿ ಕೆನೆ, ಜಾಮ್ ಹಚ್ಚಿ ಕೊಟ್ಟನೆಂದರೆ ಪಾದ್ರಿಯೂ ತಟ್ಟೆ ನೆಕ್ಕಬೇಕು. ಭಾನುವಾರ ಫುಟ್‌ಬಾಲ್ ಮೈದಾನದಲ್ಲಿ ನಡೆಯುವ ವಾಫಲ್ ಅಂಗಡಿ ಇಷ್ಟು ವರ್ಷ ಹೆಂಗಸರದೇ ಆಗಿತ್ತು. ವರ್ಷಗಟ್ಟಲೆ ಬೇಡಿಕೊಂಡ ಮೇಲೆ ಈ ವಾರ ಮೊದಲ ಸಲ ಅದು ಹಾಲ್ವರನ ಕೈಗೆ ಬಂದಿತ್ತು.

ಪತ್ರಿಕೆಯ ಸಿಲ್ಯೆ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದ ದಿನ ಗುದ್ರುನ್ ಮನೆಯಲ್ಲಿರಲಿಲ್ಲ. ಹಾಲ್ವರ್ ವಾಫಲ್ ತಟ್ಟೆಯೊಂದಿಗೆ ಎದುರಾದ.

"ತಟ್ಟೆ ಕೆಳಗಿಡಿ. ಆ ಕೊಡಲಿ ಹಿಡ್ಕೊಳ್ಳಿ. ಗಡ್ಡ ಸ್ವಲ್ಪ ಮೇಲೆ... ಹಾಂ, ಹಾಗೇ!"

ಯಾರಿಗೂ ಇಲ್ಲ ಅನ್ನಲು ಬಾರದ ಪ್ರಾಣಿ, ಗಡ್ಡ ಮೇಲೆತ್ತಿತು.

ಶನಿವಾರ ಬೆಳಿಗ್ಗೆ ಮುಖಪುಟದ ತುಂಬ ಹಾಲ್ವರ್. 'ಗಂಡಸೆಂದರೆ ಇವನು!' ಕೆಳಗೆ ಸಣ್ಣ ಅಕ್ಷರದಲ್ಲಿ: 'ದಣಿದು ಬಂದವನಿಗೆ ಮಡದಿ ಗುದ್ರುನ್‌ಳ ಬಿಸಿ ವಾಫಲ್ ಕಾದಿರುತ್ತದೆ.'

ಗುದ್ರುನ್ ಓದಿದಳು. ಇನ್ನೊಮ್ಮೆ ಓದಿದಳು. ಎದ್ದುಹೋಗಿ ಗೋಡೆಯ ಮೊಳೆಯಿಂದ ಕಾವಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಜನ್ಮದಲ್ಲಿ ನಾನೊಂದು ವಾಫಲ್ ಸುಟ್ಟಿಲ್ಲ. ಸುಟ್ಟಿದ್ರೂ ನೀನು ತಿಂತಿರ್ಲಿಲ್ಲ."

"ಅವರೇ ಬರ್ಕೊಂಡಿದ್ದು ಕಣೇ..."

"ಸಂಜೆಯೊಳಗೆ ಅವರೇ ನಿಜ ಬರೀಲಿ. ಅಲ್ಲೀವರ್ಗೂ ಕಾವಲಿ ನನ್ ಹತ್ರ."

"ನಾಳೆ ಅಂಗಡಿ ಇದೆಯಲ್ಲೇ!"

"ಕೊಡಲಿ ಮೇಲೆ ಸುಟ್ಕೋ."

ಹಾಲ್ವರ್ ಗಡಬಡಿಸಿ ಸಿಲ್ಯೆಗೆ ಫೋನ್ ಮಾಡಿದ. ಮಧ್ಯಾಹ್ನ ಮೈದಾನಕ್ಕೇ ಬರುತ್ತೇನೆ, ಅಲ್ಲೇ ಮಾತಾಡೋಣ ಅಂದಳು. ಅವತ್ತು ಊರವರೆಲ್ಲ ಸೇರಿ ಮೈದಾನದ ಕೆಲಸ ಮಾಡುವ ದಿನ; ಅಲ್ಲಿನ ಮರದ ತುಂಡುಗಳ ರಾಶಿ ಸೀಳುವುದೂ ಅದರಲ್ಲೊಂದು. ತಪ್ಪಿಸಿಕೊಂಡವರ ಹೆಸರು ಚಳಿಗಾಲ ಮುಗಿಯುವ ತನಕ ಎಲ್ಲರ ಬಾಯಲ್ಲಿರುತ್ತದೆ.

ಗೇಟಿನಲ್ಲೇ ನೆರೆಮನೆಯ ಕ್ನುಟ್ ಬೆನ್ನಿಗೊಂದು ಗುದ್ದಿದ. "ಏನೋ ಕಳ್ಳ! ಇಷ್ಟು ವರ್ಷ ಏಪ್ರನ್ ಕಟ್ಕೊಂಡು ನಮ್ಮನ್ನೆಲ್ಲ ಯಾಮಾರಿಸಿದ್ಯಲ್ಲೋ!"

"ಅದು ಗುದ್ರುನ್ ಒಟ್ಟಿದ್ದು ಮಾರಾಯ."

"ನೋಡ್ರಪ್ಪ ವಿನಯಾನ! ತಗೋ ಕೊಡಲಿ. ಹುಡುಗ್ರಿಗೆಲ್ಲ ಒಂದು ಸಲ ತೋರಿಸು."

ಅತ್ತ ಹೆಂಗಸರ ಮುಖಂಡಿ ಬೆರಿತ್, ಗುದ್ರುನ್‌ಳ ಕಂಕುಳನ್ನು ನೋಡಿ ಕುಣಿದೇಬಿಟ್ಟಳು. "ಕಾವಲಿನೂ ತಂದಿದ್ದೀಯ! ಪೇಪರಲ್ಲಿ ಓದಿದ್ವಿ ಕಣೇ, ಹಾಲ್ವರ್ ಕೊಡ್ತಿದ್ದ ವಾಫಲ್ ಎಲ್ಲ ನಿಂದೇ ಅಂತೆ. ಎಲ್ಲರಿಗೂ ನಿನ್ ಕೈ ರುಚಿ ಆಗ್ಲಿ!" ಗುದ್ರುನ್ ಬಾಯಿ ತೆರೆಯುವುದರೊಳಗೆ ಅವಳನ್ನು ಮೈದಾನದ ಕ್ಲಬ್ಬಿನ ಅಡುಗೆಮನೆಗೆ ತಳ್ಳಿ ಬಾಗಿಲು ಹಾಕಿದರು.

ಹಾಲ್ವರ್ ಕಣ್ಣು ಮುಚ್ಚಿ ಕೊಡಲಿ ಬೀಸಿದ. ಮರದ ತುಂಡು ಅಲ್ಲೇ ಇತ್ತು, ಕೊಡಲಿ ಇರಲಿಲ್ಲ. ಅದು ಹಾರಿಹೋಗಿ ಕಾಫಿಯ ಹಂಡೆಯನ್ನು ಉರುಳಿಸಿ ಬೆಂಚಿಗೆ ನಾಟಿಕೊಂಡಿತು.

"ಹೊಸ ವರಸೆ ಕಣ್ರೋ!" ಎಂದ ಕ್ನುಟ್, ಮೈಮೇಲಿನ ಕಾಫಿ ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಅಡುಗೆಮನೆಯಿಂದ ದಟ್ಟ ಹೊಗೆ ಎದ್ದಿತು. "ಪಾಪ, ಗಂಡನ ಫೋಟೋ ಬಂದ ಖುಷೀಲಿ ಕೈ ತಪ್ಪಿದೆ," ಎಂದು ಬೆರಿತ್ ಕಣ್ಣೊರೆಸಿಕೊಂಡಳು.

ಬಾಗಿಲು ಧಡಾರನೆ ತೆರೆಯಿತು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಗುದ್ರುನ್ ನೇರ ನಡೆದು ಬಂದು ಬೆಂಚಿನಿಂದ ಕೊಡಲಿ ಕಿತ್ತಳು. ಜನ ಚೆಲ್ಲಾಪಿಲ್ಲಿಯಾದರು. ಅವಳು ಯಾರನ್ನೂ ನೋಡದೆ ರಾಶಿಯ ಮುಂದೆ ನಿಂತು ಸೀಳತೊಡಗಿದಳು. ಹಾಲ್ವರ್ ಓಡಿ ಒಳಗೆ ಹೋಗಿ, ಕಾವಲಿ ಕೆರೆದು ತೊಳೆದು, ಹೊಸದಾಗಿ ಹಿಟ್ಟು ಕಲಸಿ ಒಲೆಯ ಮುಂದೆ ನಿಂತ. ಘಮ ಹೊರಗೆ ಬರುವ ಹೊತ್ತಿಗೆ ಇಡೀ ರಾಶಿ ಸೌದೆಯಾಗಿತ್ತು. ಕ್ಯಾಮೆರಾ ಹಿಡಿದು ಬಂದ ಸಿಲ್ಯೆ ಎಲ್ಲವನ್ನೂ ಕಣ್ಣಾರೆ ನೋಡಿದಳು.

"ಕೊಡಲಿ ಅವಳದು, ಕಾವಲಿ ನಂದು. ಅಷ್ಟೇ ಬರೀರಿ, ಕೈ ಮುಗೀತೀನಿ," ಎಂದ ಹಾಲ್ವರ್.

"ಖಂಡಿತ! ಈ ಸಲ ಒಂದಕ್ಷರ ಸುಳ್ಳಿರಲ್ಲ," ಎಂದಳು ಸಿಲ್ಯೆ, ಮೂರನೇ ವಾಫಲ್‌ಗೆ ಕೈಹಾಕುತ್ತ.

ಗುದ್ರುನ್ ಮೊದಲ ಸಲ ನಕ್ಕಳು. ಆದರೂ ಕಾವಲಿ ಮತ್ತೆ ಕಂಕುಳಿಗೇ ಹೋಯಿತು. "ಸುದ್ದಿ ಬರ್ಲಿ, ಆಮೇಲೆ."

ಸಂಜೆ ಗುದ್ರುನ್ ಅಂಗಳದಲ್ಲಿ ಉಳಿದಿದ್ದ ಸೌದೆಯನ್ನು ಒಟ್ಟಲು ಶುರುಮಾಡಿದಾಗ ಫೋನಿಗೆ ಸುದ್ದಿ ಬಂತು. ಹಾಲ್ವರ್ ಜಗಲಿಯಲ್ಲಿ ನಿಂತು ಹುರುಪಿನಿಂದ ಓದತೊಡಗಿದ.

"'ಹೆಂಡತಿಗೂ ಕೊಡಲಿ ಬಿಟ್ಟುಕೊಟ್ಟ ದೊಡ್ಡ ಮನಸ್ಸು! ಅಡುಗೆಮನೆಗೂ ಸೈ ಎನಿಸಿಕೊಂಡ ಹಾಲ್ವರ್, ಕಣಿವೆಯ ಹೊಸ ಗಂಡಸು...'"

ಅವನ ದನಿ ಇಳಿಯುತ್ತ ಹೋಯಿತು. ಫೋಟೋದಲ್ಲಿ ಏಪ್ರನ್ ಕಟ್ಟಿ ನಗುತ್ತಿದ್ದವನು ಅವನೇ. ಹಿಂದೆ ಕಿಟಕಿಯ ಮೂಲೆಯಲ್ಲಿ ಗುದ್ರುನ್‌ಳ ಮೊಣಕೈ ಕಾಣುತ್ತಿತ್ತು. ಕೆಳಗೆ ಕಾಮೆಂಟಿನಲ್ಲಿ ಬೆರಿತ್ ಬರೆದಿದ್ದಳು: 'ಇಂಥ ಗಂಡ ಸಿಗೋಕೆ ಗುದ್ರುನ್ ಪುಣ್ಯ ಮಾಡಿದ್ಲು.'

ಅಂಗಳದಲ್ಲಿ ಠಣ್ ಎಂದು ಕಬ್ಬಿಣದ ಸದ್ದಾಯಿತು. ಆಮೇಲೆ ಸೌದೆ ಬೀಳುವ ಸದ್ದು, ಒಂದರ ಮೇಲೊಂದು, ಬಲು ವೇಗದಲ್ಲಿ. ಹಾಲ್ವರ್ ಓಡಿ ಬರುವ ಹೊತ್ತಿಗೆ ಹೊಸ ಒಟ್ಟಿಲು ಅವನ ಎದೆಮಟ್ಟಕ್ಕೆ ಎದ್ದಿತ್ತು.

"ಗುದ್ರುನ್, ಕಾವಲಿ ಎಲ್ಲೇ?"

"ತಳದ ಸಾಲಲ್ಲಿ. ಮೇಲಿಂದ ಉರಿಸ್ತಾ ಬಂದ್ರೆ ಮಾರ್ಚ್ ಹೊತ್ತಿಗೆ ಸಿಗತ್ತೆ."

ಬೇಲಿಯಾಚೆ ಕ್ನುಟ್‌ನ ತಲೆ ಮೂಡಿತು. ಅವನು ಹೊಸ ಒಟ್ಟಿಲನ್ನು ನೋಡಿದ, ಅದಕ್ಕೆ ಕೈಯೂರಿ ನಿಂತ ಹಾಲ್ವರನನ್ನು ನೋಡಿದ.

"ಅಡುಗೇನೂ ಮಾಡಿ, ಎರಡನೇದೂ ಒಟ್ಬಿಟ್ಯೇನೋ? ಭಲೇ ಗಂಡಸು!"

ಗುದ್ರುನ್ ಬಗ್ಗಿ, ಇನ್ನೊಂದು ಸಾಲಿಗೆ ಸೌದೆ ಎತ್ತಿಕೊಂಡಳು.