ಇಪ್ಪತ್ತೆರಡು ಫ್ಲಾಪಿಗಳ ಗಂಡ

ನಮ್ಮನೆಯವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದರೆ ಪೀಣ್ಯದಲ್ಲಿ ಯಾರೂ ನಂಬುವುದಿಲ್ಲ. ಕಾರ್ಖಾನೆಯ ಅಷ್ಟೂ ಗದ್ದಲದ ನಡುವೆ ಯಾವ ಗೇರಿನ ಹಲ್ಲು ಸವೆದಿದೆ ಎಂದು ಕೇಳಿಯೇ ಹೇಳುತ್ತಿದ್ದ ಫಿಟ್ಟರ್ ಅವರು. ಆದರೆ ‘ಆಗೋದಿಲ್ಲ’ ಎಂಬ ಮಾತು ಮಾತ್ರ ಅವರಿಗೆ ಕೇಳಿಸುತ್ತಲೇ ಇರಲಿಲ್ಲ!

ನಮ್ಮ ಲಗ್ಗೆರೆಯ ಶಾಲೆಯೊಂದಕ್ಕೆ ಟೈಪಿಸ್ಟ್ ಬೇಕಾಗಿತ್ತು. ಹದಿನೈದು ದಿನದಲ್ಲಿ ಪರೀಕ್ಷೆ, ಅದೂ ಕಂಪ್ಯೂಟರಿನ ಮೇಲೆ. ನಾನು ಮದುವೆಗೆ ಮುಂಚೆ ಟೈಪಿಂಗ್ ಪಾಸು ಮಾಡಿದ್ದೆ. ಆಮೇಲೆ ಹನ್ನೆರಡು ವರ್ಷ ರೊಟ್ಟಿ ಬಡಿದ ಬೆರಳುಗಳಿವು. ಅರ್ಜಿ ಹಾಕು ಎಂದು ಇವರು ಹಟ ಹಿಡಿದರು. ಈ ವಯಸ್ಸಿನಲ್ಲಿ ಯಾಕೆ ಎಂದರು ಅತ್ತೆ. ನನ್ನಿಂದ ಆಗೋದಿಲ್ಲ ಎಂದೆ ನಾನು. ಕೇಳಿಸಿದ್ದರೆ ತಾನೇ?

ಅದೇ ವಾರ ಅವರ ಕಾರ್ಖಾನೆಯ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಮೂಲೆಗೆ ತಳ್ಳಿದ ಹಳೆಯದನ್ನು ಇವರು ಕೇಳಿ ಪಡೆದರು. ಕಟ್ಟಲು ಒಂದು ಹಳೆ ಸೀರೆ ತಾ ಎಂದು ನನ್ನನ್ನು ಗೇಟಿನ ಹತ್ತಿರ ಕರೆಸಿಕೊಂಡರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕಂಪ್ಯೂಟರಿಗೆ ಸೀರೆ ಸುತ್ತಿ ಕೂರಿಸಿಕೊಂಡು ಹೊರಟೇಬಿಟ್ಟರು. ನಾನು ಬಸ್ಸಿನಲ್ಲಿ ಮನೆಗೆ ಬಂದೆ!

ಆ ಯಂತ್ರದ ನಿಧಾನವನ್ನು ಏನೆಂದು ಹೇಳಲಿ? ಸ್ವಿಚ್ ಹಾಕಿ ಅಕ್ಕಿ ತೊಳೆಯಲು ಹೋದರೆ, ಅನ್ನವಾಗಿ, ಉಂಡು, ಪಾತ್ರೆ ಬೆಳಗಿ ಬಂದರೂ ಅದು ಇನ್ನೂ ಯೋಚಿಸುತ್ತಲೇ ಇರುತ್ತಿತ್ತು. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಬಂದು ನೋಡಿದ.

“ಭಾವ, ಇದನ್ನ ಗುಜರಿಗೆ ಹಾಕಿ.”

“ಗುಜರಿಯವನು ಏನ್ ಮಾಡ್ತಾನೆ?”

“ಬಿಚ್ಚಿ ಹಾಕ್ತಾನೆ.”

“ಬಿಚ್ಚೋಕೆ ಅವನ್ಯಾಕೆ? ನಾನು ಫಿಟ್ಟರ್ ಕಣೋ.”

ತಮ್ಮ ಸೋತು, ಯಂತ್ರ ಸರಿಯಾಗೇ ಇದೆ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಅದಕ್ಕೆ ಭಾರವಾಗಿದೆ ಎಂದ. ಅದಕ್ಕಿಂತ ಹಗುರವಾದ ಲಿನಕ್ಸ್ ಎಂಬ ಸಿಸ್ಟಂ ಇದೆ ಎಂದು, ಪತ್ರಿಕೆಯೊಂದರ ಜೊತೆ ಬಂದಿದ್ದ ಅದರ ಸಿ.ಡಿ. ಕೊಟ್ಟ. ನಮ್ಮ ಯಂತ್ರಕ್ಕೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಇವರು ಊಟದ ವಿರಾಮದಲ್ಲೆಲ್ಲ ಆಫೀಸಿನ ಹೊಸ ಕಂಪ್ಯೂಟರಿನ ಮುಂದೆ ಕೂತು, ಸಿ.ಡಿ.ಯಲ್ಲಿದ್ದುದನ್ನು ಇಪ್ಪತ್ತೆರಡು ಫ್ಲಾಪಿಗಳಿಗೆ ಇಳಿಸಿಕೊಂಡು ಬಂದರು.

ಇನ್ನು ಹಾಕುವುದಷ್ಟೇ ಬಾಕಿ. ಆದರೆ ವಿಭೂತಿ ಹಚ್ಚದೆ ನಮ್ಮಲ್ಲಿ ಹೊಸ ಮಡಕೆಯೂ ಒಲೆ ಏರುವುದಿಲ್ಲ. ಇಪ್ಪತ್ತೆರಡು ಫ್ಲಾಪಿಗಳನ್ನೂ ಚಾಪೆಯ ಮೇಲೆ ಸಾಲಾಗಿ ಮಲಗಿಸಿ ಒಂದೊಂದಕ್ಕೂ ಮೂರು ಗೆರೆ ಎಳೆದರು. ಹೊರಗೆ ಹಚ್ಚಿದರೆ ಒಳಗಿನವನಿಗೆ ಮುಟ್ಟೀತೇ ಎಂದು ಅನುಮಾನ ಬಂತು. ತಗಡಿನ ಮುಚ್ಚಳ ಸರಿಸಿ ಒಳಕ್ಕೂ ಒಂದು ಚಿಟಿಕೆ ಉದುರಿಸಿದರು!

ಮೊದಲನೆಯ ಫ್ಲಾಪಿಯೇ ಒಳಗೆ ಹೋಗಿ ಕಲ್ಲು ಅಗಿದ ಹಾಗೆ ಸದ್ದು ಮಾಡಿತು. ತಮ್ಮ ಬಿದ್ದು ಬಿದ್ದು ನಕ್ಕ. ಇವರು, ವಿಭೂತಿಯದೇನೂ ತಪ್ಪಿಲ್ಲ, ಫ್ಲಾಪಿಗೆ ಭಕ್ತಿ ಸಾಲದು ಎಂದುಬಿಟ್ಟರು. ಫ್ಲಾಪಿ ಓದುವ ಭಾಗವನ್ನು ಹತ್ತಿ, ಸ್ಪಿರಿಟ್ಟಿನಿಂದ ಒರೆಸಿ, ಬೇರೆ ಇಪ್ಪತ್ತೆರಡನ್ನು ಹೊಸದಾಗಿ ತುಂಬಿಸಿ ತಂದರು. ಪರೀಕ್ಷೆಗೆ ಏಳೇ ದಿನ ಉಳಿದಿತ್ತು.

ಭಾನುವಾರ ಕೊನೆಯ ಫ್ಲಾಪಿ ಮುಗಿದು, ಮತ್ತೆ ಸ್ವಿಚ್ ಹಾಕಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಒಲೆಯ ಮೇಲಿಟ್ಟ ಹಾಲು ಕಾಯುವುದರೊಳಗೆ! ಅದು ಹೆಸರು ಕೇಳಿತು. ಇವರು ನನ್ನ ಹೆಸರು ಹೊಡೆದರು. ಆಮೇಲೆ ಹೊಸ ಪಾಸ್‌ವರ್ಡ್ ಕೇಳಿತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

“ನನ್ನ ಹೆಸರು ಹೊಡಿ.”

ಗಂಡನ ಹೆಸರು ಹೇಳಬಾರದೆಂದು ಬೆಳೆದವಳು ನಾನು. ಪಕ್ಕದಲ್ಲೇ ಅತ್ತೆ ಕೂತಿದ್ದರು. ಕೈ ಏಳಲಿಲ್ಲ.

“ಬಾಯಲ್ಲಿ ತಾನೇ ಹೇಳ್ಬಾರ್ದು? ಬೆರಳಲ್ಲಿ ಹೇಳು. ಪರದೆ ಮೇಲೆ ಏನೂ ಕಾಣಲ್ಲ ಕಣೇ.”

ಹೊಡೆದೆ. ನಿಜವಾಗಿಯೂ ಏನೂ ಕಾಣಲಿಲ್ಲ. ಯಂತ್ರ ಮಾತ್ರ ನನ್ನನ್ನು ಒಳಗೆ ಬಿಟ್ಟುಕೊಂಡಿತು.

ಆರು ದಿನ ಅಭ್ಯಾಸ ಮಾಡಿದೆ. ಕೆಲಸ ಸಿಕ್ಕಿತು. ಎರಡು ವರ್ಷದಿಂದ ಅದೇ ಶಾಲೆಯಲ್ಲಿದ್ದೇನೆ.

ಹೋದ ತಿಂಗಳು ನಮ್ಮನೆಯವರ ಮರಣ ಪ್ರಮಾಣಪತ್ರಕ್ಕೆಂದು ಪಾಲಿಕೆ ಕಚೇರಿಗೆ ಹೋಗಿದ್ದೆ. ಕಿಟಕಿಯ ಆಚೆಯಿಂದ ಗುಮಾಸ್ತರು ತೀರಿಕೊಂಡವರ ಹೆಸರು ಕೇಳಿದರು. ಕಟ್ಟೆಯ ಕಲ್ಲಿನ ಮೇಲೆ ನನ್ನ ಬೆರಳುಗಳು ಒಂದೊಂದೇ ಅಕ್ಷರ ಒತ್ತುತ್ತಿದ್ದವು.

“ಹೆಸರು ಹೇಳಮ್ಮ” ಎಂದು ಅವರು ಮತ್ತೆ ಕೇಳಿದರು.

ನಾನು ಆಗಲೇ ಹೇಳಿಯಾಗಿತ್ತು.